ಬೆಳಕಿನ ಕಣದಲ್ಲಿ ಗುಟ್ಟಿನ ಕೀಲಿ: ರಾಮನ್ ಸಂಸ್ಥೆಯ ಕ್ವಾಂಟಮ್ ಪ್ರಯೋಗಾಲಯ

ಸರ್ ಸಿ.ವಿ. ರಾಮನ್ ಅವರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಬೆಳಕಿನ ಅಧ್ಯಯನವು ಇಂದು ಗೋಪ್ಯ ಸಂವಹನದ ಕ್ಷೇತ್ರಕ್ಕೂ ವಿಸ್ತರಿಸಿದ್ದು, ಪ್ರೊ. ಉರ್ಬಸಿ ಸಿನ್ಹಾ ಅವರ ನೇತೃತ್ವದ ಕ್ವಾಂಟಮ್ ಮಾಹಿತಿ ಮತ್ತು ಕಂಪ್ಯೂಟಿಂಗ್ ಪ್ರಯೋಗಾಲಯವು ಈ ಕಾರ್ಯದಲ್ಲಿ ದೇಶದ ಮುಂಚೂಣಿಯಲ್ಲಿದೆ.

ಬ್ಯಾಂಕ್ ವ್ಯವಹಾರದಿಂದ ಹಿಡಿದು ಸರ್ಕಾರಿ ಪತ್ರವ್ಯವಹಾರದವರೆಗೆ ಇಂದು ಬಳಕೆಯಲ್ಲಿರುವ ಗೂಢಲಿಪಿ ವಿಧಾನಗಳಲ್ಲಿ ಹಲವು, ಬಹು ದೊಡ್ಡ ಸಂಖ್ಯೆಯೊಂದನ್ನು ಅದರ ಅವಿಭಾಜ್ಯ ಅಪವರ್ತನಗಳಾಗಿ ಒಡೆಯುವುದು ಕಂಪ್ಯೂಟರುಗಳಿಗೆ ಅತಿ ಕಷ್ಟವೆಂಬ ನಂಬಿಕೆಯನ್ನೇ ಆಧರಿಸಿವೆ. ಸಾಕಷ್ಟು ಸಾಮರ್ಥ್ಯದ ಕ್ವಾಂಟಮ್ ಕಂಪ್ಯೂಟರ್ ಸಿದ್ಧವಾದರೆ ಈ ಲೆಕ್ಕ ಸುಲಭವಾಗುತ್ತದೆ ಎಂಬುದನ್ನು ಪೀಟರ್ ಶೋರ್ 1994ರಲ್ಲಿ ತೋರಿಸಿಕೊಟ್ಟ ಬಳಿಕ, ಲೆಕ್ಕದ ಕಷ್ಟವನ್ನು ಬಿಟ್ಟು ನಿಸರ್ಗದ ನಿಯಮವನ್ನೇ ಆಧಾರವಾಗಿಸಿಕೊಂಡ ಗೋಪ್ಯತೆಗೆ ಮಹತ್ವ ಹೆಚ್ಚಿತು.

ಅಂಥ ಗೋಪ್ಯತೆಯ ಮೊದಲ ವಿಧಾನ ಪ್ರಕಟಗೊಂಡದ್ದು ಬೆಂಗಳೂರಿನಲ್ಲೇ. 1984ರ ಡಿಸೆಂಬರಿನಲ್ಲಿ ಈ ನಗರದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಚಾರ್ಲ್ಸ್ ಬೆನೆಟ್ ಮತ್ತು ಜಿಲ್ ಬ್ರಾಸಾರ್ ಸಲ್ಲಿಸಿದ ಪ್ರಬಂಧವು ಇಂದು ‘ಬಿಬಿ84’ ಎಂದು ಜಗತ್ತಿನಾದ್ಯಂತ ಪರಿಚಿತವಾಗಿದೆ. ಇದರಲ್ಲಿ ಕಳುಹಿಸುವವರು ಸೊನ್ನೆ ಅಥವಾ ಒಂದನ್ನು ಫೋಟಾನಿನ, ಅಂದರೆ ಬೆಳಕಿನ ಒಂದೊಂದು ಕಣದ, ಧ್ರುವೀಕರಣದಲ್ಲಿ, ಎಂದರೆ ಅದರ ಕಂಪನದ ದಿಕ್ಕಿನಲ್ಲಿ, ಅಡಗಿಸಿಡುತ್ತಾರೆ. ಇದಕ್ಕೆ ನೆಟ್ಟಗಿನ ಮತ್ತು ಓರೆಯ ಎಂಬ ಎರಡು ಜೋಡಣೆಗಳಿದ್ದು, ಪ್ರತಿ ಸಲವೂ ಯಾವುದನ್ನು ಬಳಸಬೇಕೆಂಬುದನ್ನು ಕಳುಹಿಸುವವರು ಮತ್ತು ಅಳೆದು ಪಡೆಯುವವರು ಇಬ್ಬರೂ ಯಾದೃಚ್ಛಿಕವಾಗಿ ಆರಿಸಿಕೊಂಡು, ಜೋಡಣೆ ಹೊಂದಿಕೆಯಾದ ಫಲಿತಾಂಶಗಳನ್ನಷ್ಟೇ ಕೀಲಿಗಾಗಿ, ಅಂದರೆ ಸಂದೇಶವನ್ನು ಗೂಢಲಿಪಿಯಾಗಿಸುವ ಗುಟ್ಟಿನ ಅಂಕಿಸಾಲಿಗಾಗಿ, ಉಳಿಸಿಕೊಳ್ಳುತ್ತಾರೆ. ನಡುವೆ ಯಾರಾದರೂ ಪ್ರತಿ ಫೋಟಾನನ್ನೂ ಹಿಡಿದು ಅಳೆದು ಮುಂದಕ್ಕೆ ಕಳುಹಿಸಿದರೆ ಉಳಿಸಿಕೊಂಡ ಅಂಕಿಗಳಲ್ಲಿ ಸರಾಸರಿ ಶೇ 25ರಷ್ಟು ತಪ್ಪಾಗುವುದರಿಂದ, ಒಂದಿಷ್ಟು ಅಂಕಿಗಳನ್ನು ಬಹಿರಂಗವಾಗಿ ಹೋಲಿಸಿದೊಡನೆ ಕಳ್ಳಗಿವಿಯ ಸುಳಿವು ಸಿಗುತ್ತದೆ.

ತತ್ವ ಸರಳವಾದರೂ ದೂರವೇ ಇಲ್ಲಿನ ದೊಡ್ಡ ತೊಡಕು. ಉತ್ತಮ ಆಪ್ಟಿಕಲ್ ಫೈಬರಿನಲ್ಲಿಯೂ 100 ಕಿ.ಮೀ. ಸಾಗುವಷ್ಟರಲ್ಲಿ ನೂರಕ್ಕೆ ಒಂದರಷ್ಟು ಫೋಟಾನುಗಳು ಮಾತ್ರ ಉಳಿಯುತ್ತವೆ. ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಯೊಂದರ ನಕಲು ತೆಗೆಯಲು ಸಾಧ್ಯವೇ ಇಲ್ಲವಾದ್ದರಿಂದ ಸಾಮಾನ್ಯ ದೂರಸಂಪರ್ಕದಂತೆ ನಡುನಡುವೆ ಸಂಕೇತವನ್ನು ವರ್ಧಿಸುವಂತೆಯೂ ಇಲ್ಲ. ಉಪಗ್ರಹದಿಂದ ಬರುವ ಬೆಳಕಾದರೋ ದಾರಿಯ ಬಹುಪಾಲನ್ನು ನಿರ್ವಾತದಲ್ಲೇ ಕ್ರಮಿಸುವುದರಿಂದ ದೂರದ ಸಂಪರ್ಕಕ್ಕೆ ಆ ಮಾರ್ಗವೇ ಹೆಚ್ಚು ಅನುಕೂಲ. ಚೀನಾ 2016ರಲ್ಲಿ ಹಾರಿಸಿದ ‘ಮೀಷಿಯಸ್’ ಉಪಗ್ರಹವು ಇದನ್ನು ಸಾಧಿಸಿ ತೋರಿಸಿದೆ.

ರಾಮನ್ ಸಂಸ್ಥೆಯ ತಂಡವು ಇಸ್ರೋ ಸಹಯೋಗದಲ್ಲಿ ಇದೇ ಗುರಿಯತ್ತ ಹಂತಹಂತವಾಗಿ ಸಾಗಿದೆ. 2021ರಲ್ಲಿ ಸಂಸ್ಥೆಯ ಆವರಣದ ಎರಡು ಕಟ್ಟಡಗಳ ನಡುವಿನ 50 ಮೀಟರ್ ಬಯಲಿನಲ್ಲಿ, ಗಾಳಿಯ ಮೂಲಕವೇ, ಸುರಕ್ಷಿತ ಕ್ವಾಂಟಮ್ ಸಂವಹನವನ್ನು ನಡೆಸಿ ತೋರಿಸಿದ ಈ ತಂಡವು, 2023ರಲ್ಲಿ ಸ್ಥಿರ ಮೂಲದಿಂದ ಚಲಿಸುವ ಗ್ರಾಹಕಕ್ಕೆ ಕೀಲಿಯನ್ನು ತಲುಪಿಸುವುದರಲ್ಲಿಯೂ ಯಶಸ್ವಿಯಾಯಿತು. ಚಲಿಸುವ ಗ್ರಾಹಕವನ್ನು ಗುರುತಿಸಿ, ಬೆಳಕಿನ ಕಿರಣವನ್ನು ಅದರತ್ತಲೇ ತಿರುಗಿಸುತ್ತ ಹೋಗುವ ವ್ಯವಸ್ಥೆಯನ್ನು ದೇಶೀಯವಾಗಿಯೇ ರೂಪಿಸಿದ್ದು ಈ ಪ್ರಯೋಗದ ವಿಶೇಷ. ಭೂಮಿಗೆ ಸಮೀಪದ ಕಕ್ಷೆಯ ಉಪಗ್ರಹವು ಸೆಕೆಂಡಿಗೆ ಏಳು ಕಿ.ಮೀ.ಗೂ ಮೀರಿದ ವೇಗದಲ್ಲಿ ಚಲಿಸುವುದರಿಂದ ಇಂಥ ಕೌಶಲವಿಲ್ಲದೆ ಮುಂದಿನ ಹೆಜ್ಜೆ ಸಾಧ್ಯವಿಲ್ಲ.

ಕ್ವಾಂಟಮ್ ಕೀಲಿಯೊಂದರಿಂದಲೇ ಎಲ್ಲ ಭದ್ರತೆಯೂ ದೊರೆಯುವುದಿಲ್ಲ. ಮಾತನಾಡುತ್ತಿರುವವರು ನಿಜವಾಗಿಯೂ ಅವರೇ ಎಂಬುದನ್ನು ಬೇರೆಯಾಗಿ ದೃಢಪಡಿಸಿಕೊಳ್ಳಬೇಕಾಗುತ್ತದೆ ಮತ್ತು ಉಪಕರಣದಲ್ಲಿನ ಲೋಪವು ನಿಯಮದ ಬಲವನ್ನೂ ವ್ಯರ್ಥಗೊಳಿಸಬಲ್ಲದು. ಆದ್ದರಿಂದಲೇ ಉಪಕರಣವನ್ನು ಕೊಂಡು ತರುವುದಕ್ಕಿಂತ ಅದರ ಒಳಹೊರಗನ್ನು ಅರಿತು ಕಟ್ಟಬಲ್ಲವರನ್ನು ಬೆಳೆಸುವುದು ಮುಖ್ಯ. ಕೇಂದ್ರ ಸರ್ಕಾರವು 2023ರ ಏಪ್ರಿಲಿನಲ್ಲಿ ಸುಮಾರು 6,000 ಕೋಟಿ ರೂಪಾಯಿ ವೆಚ್ಚದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ನೀಡಿ, 2,000 ಕಿ.ಮೀ. ವ್ಯಾಪ್ತಿಯ ಉಪಗ್ರಹಾಧಾರಿತ ಸುರಕ್ಷಿತ ಸಂವಹನವನ್ನು ಅದರ ಗುರಿಗಳಲ್ಲಿ ಒಂದಾಗಿಸಿದೆ. ಆ ಗುರಿಯನ್ನು ಮುಟ್ಟಬೇಕಾದರೆ ಇಂಥ ಪ್ರಯೋಗಾಲಯಗಳಿಗೆ ಹಣದಷ್ಟೇ ದೀರ್ಘಕಾಲದ ತಾಳ್ಮೆಯ ಬೆಂಬಲವೂ ದೊರೆಯಬೇಕು. ಭೌತಶಾಸ್ತ್ರ ಮತ್ತು ಎಂಜಿನಿಯರಿಂಗ್ ಓದುತ್ತಿರುವ ಕರ್ನಾಟಕದ ವಿದ್ಯಾರ್ಥಿಗಳೂ ಈ ಕ್ಷೇತ್ರದತ್ತ ಮುಖ ಮಾಡಬೇಕು.