ಹಳೇ ಲೋಗೋದ ಆರ್‌ಸಿಬಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ನಮ್ಮ ಹಾಸ್ಟೆಲ್ ಹುಡುಗರಲ್ಲಿ ಒಂದು ವಾದ ಮುಗಿಯೋದೇ ಇಲ್ಲ: ‘ಆರ್‌ಸಿಬಿಯ ಹಳೇ ಲೋಗೋನೇ ಚಂದ ಇತ್ತು’.

ನಿಜ ಹೇಳಬೇಕಂದ್ರ, ಊರಿನ ಹೆಸರೊಂದು ಬಿಟ್ಟರೆ ಆ ಲೋಗೋದಲ್ಲಿ ನಮ್ಮದು ಅನ್ನೋದು ಏನೂ ಇರಲಿಲ್ಲ. 2008ರಲ್ಲಿ ತಂಡ ಕೊಂಡ ವಿಜಯ್ ಮಲ್ಯ ತಮ್ಮ ರಾಯಲ್ ಚಾಲೆಂಜ್ ವಿಸ್ಕಿಯ ಹೆಸರನ್ನೇ ಅದಕ್ಕೂ ಇಟ್ಟರು. ಲೋಗೋ 2016ರಲ್ಲಿ ಬದಲಾಯ್ತು, 2020ರಲ್ಲಿ ಮತ್ತೆ. 2024ರ ಮಾರ್ಚ್‌ನಲ್ಲಿ ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಬಂತು. ಹೆಸರಿನ ಬೆಲೆ ಮಸ್ಕಿಯವರಿಗೆ ಹೇಳಬೇಕಿಲ್ಲ ಬಿಡಿ. 1915ರಲ್ಲಿ ಅಲ್ಲಿ ಸಿಕ್ಕ ಶಾಸನದಲ್ಲಿ ‘ಅಸೋಕ’ ಅಂತ ಇದ್ದದ್ದಕ್ಕೇ ದೇವಾನಾಂಪ್ರಿಯ ಯಾರು ಅನ್ನೋದು ಖಚಿತವಾಯ್ತು.

ಹಂಗಾದ್ರ ಹಳೇದು ಯಾಕ ಕಾಡ್ತದ? ಆ ಜೆರ್ಸಿ ಹಾಕಿದವರಿಂದ. ಮೊದಲು ‘ಐಕಾನ್’ ಅಂತ ಒಂದು ನಿಯಮ ಇತ್ತು. ಹಾಗಾಗಿ ದ್ರಾವಿಡ್ ಹರಾಜಿಗೇ ಹೋಗದೆ ಬೆಂಗಳೂರಿಗೆ ಬಂದರು. 2009ರ ಜೋಹಾನ್ಸ್‌ಬರ್ಗ್ ಫೈನಲ್ ನೋಡಿ: ದ್ರಾವಿಡ್, ಕುಂಬ್ಳೆ, ಉತ್ತಪ್ಪ, ವಿನಯ್ ಕುಮಾರ್, ಮನೀಶ್ ಪಾಂಡೆ. ಹನ್ನೊಂದರಲ್ಲಿ ಐವರು ಕರ್ನಾಟಕದವರು! ಕ್ಯಾಪ್ಟನ್ ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತರೂ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ನಿನಿಂದ ಸೋತ್ವಿ.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧ ಕಪ್ ಗೆದ್ದದ್ದೂ ಅದೇ 6 ರನ್ನಿನಿಂದ. ಜೆರ್ಸಿ ಮೇಲೆ ‘ಬೆಂಗಳೂರು’ ಇತ್ತು. ಆದರೆ ಹರಾಜಿನಲ್ಲಿ ಯಾವ ರಾಜ್ಯಕ್ಕೂ ಮೀಸಲಿಲ್ಲವಲ್ಲ, ಆಡಿದ ಕರ್ನಾಟಕದವರು ಮಯಾಂಕ್ ಅಗರ್ವಾಲ್ ಒಬ್ಬರೇ. ನಮ್ಮ ರಾಯಚೂರಿನ ಮನೋಜ್ ಭಾಂಡಗೆ ತಂಡದಲ್ಲಿದ್ದರು, ಫೈನಲ್ ಮಾತ್ರ ಆಡಲಿಲ್ಲ.