ಮದುವೆಯ ಮಂಟಪದಲ್ಲಿ ಮೈಕು ಹಿಡಿದವರು

ಕಾನಾ ಊರಿನ ಮದುವೆಯ ವೃತ್ತಾಂತವನ್ನು ಓದುವಾಗ ನಮ್ಮ ಲಕ್ಷ್ಯವೆಲ್ಲ ಆರು ಕಲ್ಲಿನ ಬಾನೆಗಳ ಮೇಲೆ, ಮಾತೆ ಮರಿಯಳ ಬಿನ್ನಹದ ಮೇಲೆ ನಿಲ್ಲುತ್ತದೆ. ಸಂತ ಯೊವಾನ್ನರು ಅದೇ ಎರಡನೆಯ ಅಧ್ಯಾಯದಲ್ಲಿ ಇನ್ನೊಬ್ಬನನ್ನೂ ನೆನೆದಿದ್ದಾರೆ. ಅವನೇ ಔತಣದ ಮೇಲ್ವಿಚಾರಕ. ದ್ರಾಕ್ಷಾರಸ ಎಲ್ಲಿಂದ ಬಂದಿತೆಂದು ಅವನರಿಯ. ರುಚಿ ನೋಡಿದೊಡನೆ ಅವನು ಮದುವಣಿಗನನ್ನು ಕರೆದು ಮೆಚ್ಚುಗೆಯನ್ನು ಆತನಿಗೇ ಸಲ್ಲಿಸುತ್ತಾನೆ, ತನ್ನ ಲೆಕ್ಕಕ್ಕೆ ಬರೆದುಕೊಳ್ಳುವುದಿಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನಮ್ಮ ಮದುವೆಗಳಲ್ಲಿ ಇಂದು ಆ ಸ್ಥಾನಕ್ಕೆ ಬಂದಿರುವವನು ಮೈಕು ಹಿಡಿದ ನಿರೂಪಕ. ಅವನ ಬೆನ್ನಿಗೆ ಗಾಯಕರು, ಕೀಬೋರ್ಡಿನವರು, ಡಿ.ಜೆ. ಈ ಊರುಗಳಲ್ಲಿ ಕಥೋಲಿಕ ಮನೆಗಳು ಕೆಲವೇ. ದೇವಾಲಯದಲ್ಲಿ ನಡೆದ ವಿವಾಹ ಸಂಸ್ಕಾರವನ್ನು ಕಂಡವರು ಕಡಿಮೆ. ಸಂಜೆಯ ಆರತಕ್ಷತೆಗೆ ಬರುವವರಲ್ಲಿ ಅನ್ಯಧರ್ಮದ ನೆರೆಹೊರೆಯವರೇ ಬಹಳ. ಕ್ರೈಸ್ತರ ಮದುವೆ ಎಂತಹದೆಂದು ಅವರು ತಿಳಿಯುವುದು ಈ ನಿರೂಪಕನ ಬಾಯಿಂದ. ಟೋಸ್ಟ್ ಎತ್ತುವಾಗ, ಮದ್ಯ ಮುಟ್ಟದ ಹಿರಿಯರ ಕೈಗೆ ಹಣ್ಣಿನ ರಸ ತಲುಪಿತೇ ಎಂದು ನೋಡದೆ ಕುಡಿತದ ಚಟಾಕಿ ಹಾರಿಸುವವನು, ಮನೆಯವರು ವರ್ಷಗಟ್ಟಲೆ ಗಳಿಸಿದ ನೆರೆಯ ವಿಶ್ವಾಸವನ್ನು ಒಂದು ಗಳಿಗೆಯಲ್ಲಿ ಕಳೆಯಬಲ್ಲ.

ವಧುವನ್ನು ಗುರಿಮಾಡಿದ ಹಾಸ್ಯ ಇದಕ್ಕಿಂತ ಕೆಟ್ಟದ್ದು. ಒಲ್ಲೆನೆಂದು ತಲೆಯಾಡಿಸಿದ ಹುಡುಗಿಯನ್ನು ಕುಣಿಯಲು ಎಳೆಯುವುದು, ಮೊದಲ ರಾತ್ರಿಯ ಮಾತನ್ನು ಮೈಕಿನಲ್ಲಿ ಆಡುವುದು, ಇವು ಮನರಂಜನೆಯಲ್ಲ. ಅವಳು ಆ ಹೊತ್ತಿನಲ್ಲಿ ಸಿಟ್ಟಾಗಲಾರಳು, ಎದ್ದು ಹೋಗಲಾರಳು. ಅದನ್ನು ಬಲ್ಲವನೇ ಆಕೆಯನ್ನು ಗೇಲಿ ಮಾಡುತ್ತಾನೆ. ಇನ್ನು ಕೆಲವು ನೋವುಗಳು ಕೇವಲ ಅಲಕ್ಷ್ಯದಿಂದ ಹುಟ್ಟುವಂಥವು. ತಂದೆಯನ್ನು ಕಳೆದುಕೊಂಡ ವಧುವಿನೆದುರು "ವಧುವಿನ ತಂದೆಯವರು ವೇದಿಕೆಗೆ ಬರಬೇಕು" ಎಂದು ಕೂಗಿದರೆ ಸಭೆ ಸ್ತಬ್ಧವಾಗುತ್ತದೆ. ಹಿಂದಿನ ದಿನ ಮನೆಗೆ ಬಂದು ಯಾರಿದ್ದಾರೆ, ಯಾರಿಲ್ಲ, ಯಾರನ್ನು ಯಾವ ಹೆಸರಿನಿಂದ ಕರೆಯಬೇಕು ಎಂದು ಅರ್ಧ ತಾಸು ಕೇಳಿ ಬರೆದುಕೊಂಡಿದ್ದರೆ ಸಾಕಿತ್ತು. ಈ ಕಸುಬಿನ ಮುಕ್ಕಾಲು ಪಾಲು ಆ ಅರ್ಧ ತಾಸಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ; ಕಂಠಶ್ರೀ ಆಮೇಲಿನ ಮಾತು.

ನಮ್ಮ ಕಡೆ ಕಲಾವಿದರನ್ನು ವೀಳ್ಯ ಕೊಟ್ಟು ಗೊತ್ತುಮಾಡುವುದು ಹಳೆಯ ರೂಢಿ. ವೀಳ್ಯ ಹಿಡಿದವನು ಹೆಚ್ಚಿನ ಹಣ ಕಂಡು ಬೇರೆ ಮನೆಗೆ ಹೋಗುವಂತಿಲ್ಲ. ತಪಸ್ಸು ಕಾಲದಲ್ಲಿ ಮದುವೆಗಳು ನಿಲ್ಲುವುದರಿಂದ ಅದಕ್ಕೆ ಮುನ್ನಿನ ವಾರಗಳಲ್ಲಿ ಅವು ಒತ್ತೊತ್ತಾಗಿ ಬರುತ್ತವೆ. ಒಂದೇ ಸಂಜೆಗೆ ಎರಡು ಮುಂಗಡ ಪಡೆಯುವ ಆಸೆಯೂ ಆಗಲೇ. ಮುಂಗಡ, ಹಾಡುಗಳು, ಆರಂಭ ಹಾಗೂ ಮುಕ್ತಾಯದ ವೇಳೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಉಭಯರೂ ಸಹಿ ಮಾಡಿದರೆ ಜಗಳಕ್ಕೆ ಎಡೆಯಿಲ್ಲ. ಮುಕ್ತಾಯದ ವೇಳೆಯನ್ನು ಕಾನೂನೇ ಗೊತ್ತುಮಾಡಿದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಏಳಕ್ಕೆ ಕರೆದು ಒಂಬತ್ತಕ್ಕೆ ಮಂಟಪ ಹೊಕ್ಕ ಮನೆಯವರು, ಹತ್ತಾದ ಮೇಲೆ "ಇನ್ನೆರಡು ಹಾಡು" ಎಂದು ಕಾಡುವುದು ತಪ್ಪು. ಹಾಗೆ ಕೇಳಿದಾಗ ಕೈಮುಗಿದು ವಾದ್ಯ ನಿಲ್ಲಿಸುವವನನ್ನು ದೂರಬಾರದು.

ಶಿಸ್ತನ್ನು ಅವರಿಂದ ಬಯಸುವ ನಾವು ಅವರನ್ನು ನಡೆಸಿಕೊಳ್ಳುವ ರೀತಿಯನ್ನೂ ನೋಡಬೇಕು. ಸನಾದಿಯಿಲ್ಲದೆ, ಕರಡಿ ಮಜಲಿಲ್ಲದೆ ಉತ್ತರ ಕರ್ನಾಟಕದಲ್ಲಿ ಮಂಗಲಕಾರ್ಯವೇ ಇರಲಿಲ್ಲ. ಆದರೂ ಸನಾದಿ ಊದಿದವನು ಪಂಕ್ತಿಯ ಹೊರಗೆ, ಎಲ್ಲರ ಊಟ ತೀರಿದ ಮೇಲೆ ಉಣ್ಣುತ್ತಿದ್ದ. 1977ರಲ್ಲಿ 'ಸನಾದಿ ಅಪ್ಪಣ್ಣ' ಚಿತ್ರ ತೆರೆಕಂಡಾಗ, ಡಾ. ರಾಜಕುಮಾರ್ ಪಾತ್ರಕ್ಕೆ ಉಸ್ತಾದ್ ಬಿಸ್ಮಿಲ್ಲಾ ಖಾನರು ನುಡಿಸಿದ ಶಹನಾಯಿಯನ್ನು ಕೇಳಿ ನಾಡೆಲ್ಲ ತಲೆದೂಗಿತು. ಊರ ಸನಾದಿಯವನ ಎಲೆ ಮಾತ್ರ ಅಷ್ಟು ಬೇಗ ಒಳಗೆ ಬರಲಿಲ್ಲ. ಜಾತಿಯ ಈ ಕಟ್ಟಳೆ ನಮಗೆ ಸಲ್ಲದೆಂದು ಹೇಳಿಕೊಳ್ಳುವ ಕ್ರೈಸ್ತರ ಆರತಕ್ಷತೆಗಳಲ್ಲಿಯೂ, ನಾಲ್ಕು ತಾಸು ನುಡಿಸಿದ ಹುಡುಗರು ತಣ್ಣಗಾದ ಅನ್ನಕ್ಕಾಗಿ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವುದುಂಟು. ಉಳಿದ ಹಣ ಕೇಳಿದರೆ "ನಾಳೆ ಬಾ" ಎಂಬ ಉತ್ತರ. ನಾಳೆ ಬರಲು ರಾಮದುರ್ಗದಿಂದ ಕಿತ್ತೂರಿಗೆ ಬಸ್ಸಿನ ಖರ್ಚು ಅವರದೇ.

ಹಾಳೆಯಲ್ಲಿ ಹಾಡುಗಳ ಪಟ್ಟಿಯ ಕೆಳಗೆ ಇನ್ನೊಂದು ಸಾಲಿಗೆ ಜಾಗವಿದೆ: ವಾದ್ಯದವರ ಊಟ ಎಷ್ಟು ಗಂಟೆಗೆ, ಯಾವ ಮೇಜಿನಲ್ಲಿ.