ಪ್ರಿಂಟರ್‌ಗೆ ಮಾತು ಮುಟ್ಟಿತೆ?

ಮನೆಯ ಪ್ರಿಂಟರ್ ಮುಷ್ಕರ ಹೂಡಿದಾಗ ಹೆಚ್ಚಿನವರು ಮಾಡುವುದು ಮೂರೇ ಕೆಲಸ: ಸ್ವಿಚ್ ಆರಿಸಿ ಮತ್ತೆ ಹಾಕುವುದು, ಅದೇ ಫೈಲಿಗೆ ಪದೇ ಪದೇ ಪ್ರಿಂಟ್ ಕೊಡುವುದು, ಕೊನೆಗೆ ಇರುವ ತಂತ್ರಾಂಶವನ್ನೆಲ್ಲ ಕಿತ್ತು ಹೊಸದಾಗಿ ಹಾಕುವುದು. ಕೆಲವೊಮ್ಮೆ ಇವು ಫಲಿಸುತ್ತವೆ. ಆದರೆ ಯಾವುದು ಫಲಿಸಿತು, ಏಕೆ ಫಲಿಸಿತು ಎಂಬುದು ತಿಳಿಯದೆ ಉಳಿಯುವುದರಿಂದ, ಅದೇ ತೊಂದರೆ ಮರುಕಳಿಸಿದರೆ ಮತ್ತೆ ಮೊದಲಿನಿಂದ ಶುರು. ಪರದೆಯ ಪುಟ ಕಾಗದಕ್ಕೆ ಇಳಿಯುವಷ್ಟರಲ್ಲಿ ನಾಲ್ಕೈದು ಕೈ ದಾಟಿರುತ್ತದೆ. ತೊಡಕು ಯಾವ ಕೈಯಲ್ಲಿದೆ ಎಂದು ಗುರುತಿಸಿದ ಮೇಲೆಯೇ ಸೆಟ್ಟಿಂಗ್ ಮುಟ್ಟುವುದು ಜಾಣತನ. ಇದಕ್ಕೆ ತಂತ್ರಜ್ಞರ ವಿದ್ಯೆ ಬೇಡ, ಪುಟ ಸಾಗುವ ದಾರಿಯ ಪರಿಚಯವಿದ್ದರೆ ಸಾಕು.

ವರ್ಡ್‌ನಂಥ ಪ್ರೋಗ್ರಾಂ ಪುಟವನ್ನು ಸಿದ್ಧಪಡಿಸುತ್ತದೆ. ಡ್ರೈವರ್ ಎಂಬ ದುಭಾಷಿ ಅದನ್ನು ಪ್ರಿಂಟರಿಗೆ ತಿಳಿಯುವ ಆಜ್ಞೆಗಳಾಗಿ ಬದಲಿಸುತ್ತದೆ. ಸ್ಪೂಲರ್ ಆ ಆಜ್ಞೆಗಳನ್ನು ಡಿಸ್ಕಿನಲ್ಲಿ ಸರದಿಗೆ ಹಚ್ಚುತ್ತದೆ, ಕೇಬಲ್ ಇಲ್ಲವೇ ವೈಫೈ ಸಾಗಿಸುತ್ತದೆ, ಪ್ರಿಂಟರಿನೊಳಗಿನ ಪುಟ್ಟ ಕಂಪ್ಯೂಟರ್ ಓದಿ ಚುಕ್ಕಿಗಳಾಗಿ ಅಚ್ಚಿಗಿಳಿಸುತ್ತದೆ. ಚುಕ್ಕಿಗಳ ಲೆಕ್ಕ ಸಣ್ಣದಲ್ಲ. ಇಂಚಿಗೆ 600ರಂತೆ ಒಂದು ಎ4 ಪುಟಕ್ಕೆ ಸುಮಾರು ಮೂರೂವರೆ ಕೋಟಿ ಚುಕ್ಕಿ ಬೇಕು. ಫುಲ್ ಎಚ್‌ಡಿ ಪರದೆಯಲ್ಲಿರುವುದು ಸುಮಾರು 20 ಲಕ್ಷ. ಇಷ್ಟನ್ನೂ ಒಂದೊಂದಾಗಿ ಕಳಿಸುವ ಬದಲು ಎಲ್ಲಿ ಯಾವ ಅಕ್ಷರ, ಎಲ್ಲಿ ಯಾವ ಗೆರೆ ಎಂದು ವಿವರಿಸುವ ಭಾಷೆಗಳು 1980ರ ದಶಕದಲ್ಲಿ ಬಂದವು. ಎಚ್‌ಪಿಯ ಪಿಸಿಎಲ್, ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಅವುಗಳಲ್ಲಿ ಮುಖ್ಯವಾದವು. ಅಗ್ಗದ ಅನೇಕ ಪ್ರಿಂಟರುಗಳಿಗೆ ಈ ಭಾಷೆಗಳು ಬರುವುದಿಲ್ಲ. ಚುಕ್ಕಿ ಜೋಡಿಸುವ ದುಡಿಮೆಯನ್ನೆಲ್ಲ ಕಂಪ್ಯೂಟರಿನಲ್ಲಿರುವ ಅವುಗಳದೇ ಡ್ರೈವರ್ ಮಾಡಬೇಕು. ಹಾಗಾಗಿ ಹತ್ತಿರದ ಮಾದರಿಯೊಂದರ ಡ್ರೈವರ್ ಹಾಕಿದರೂ ನಡೆಯುತ್ತದೆ ಎಂಬ ಎಣಿಕೆ ಇಲ್ಲಿ ಕೈಕೊಡುತ್ತದೆ. ಪೋಸ್ಟ್‌ಸ್ಕ್ರಿಪ್ಟ್ ತಿಳಿಯದ ಪ್ರಿಂಟರಿಗೆ ಆ ಭಾಷೆಯ ಆಜ್ಞೆಗಳು ಹೋದರೆ ಅವನ್ನೇ ಪಠ್ಯವೆಂದು ತಿಳಿದು ಅದು ಹಾಳೆಗಟ್ಟಲೆ ಅಚ್ಚು ಹಾಕಬಹುದು. ನೋಡಲು ಕಸದಂತಿದ್ದರೂ ಪತ್ತೆಗೆ ಅದು ಒಳ್ಳೆಯ ಸಾಕ್ಷ್ಯ. ಕಾಗದ ಸರಿಯಿತು, ಶಾಯಿ ಬಿತ್ತು, ಸಂಪರ್ಕವೂ ಇತ್ತು. ಹಾಗಾದರೆ ಮೊದಲ ಸಂಶಯ ಡ್ರೈವರಿನ ಮೇಲೆ.

ಇಂಥ ಸಾಕ್ಷ್ಯ ತಾನಾಗಿ ಸಿಗದಿದ್ದಾಗ ದಾರಿಯನ್ನು ಅರ್ಧಕ್ಕೆ ತುಂಡರಿಸಿ ನೋಡಬೇಕು. ಸ್ಕ್ಯಾನರ್ ಕೂಡ ಇರುವ ಪ್ರಿಂಟರಾದರೆ ಗಾಜಿನ ಮೇಲೆ ಹಾಳೆಯಿಟ್ಟು ಒಂದು ಜೆರಾಕ್ಸ್ ತೆಗೆಯಿರಿ. ಇಲ್ಲದಿದ್ದರೆ ಅದರ ಗುಂಡಿಗಳಿಂದಲೇ ಪರೀಕ್ಷಾ ಪುಟ ತೆಗೆಯಿರಿ. ಇದರಲ್ಲಿ ಕಂಪ್ಯೂಟರಿನ ಪಾತ್ರವೇ ಇಲ್ಲ. ಆ ಪುಟ ಚೆನ್ನಾಗಿ ಬಂದರೆ ಯಂತ್ರ, ಶಾಯಿ, ಕಾಗದದ ಮೇಲಿನ ಆರೋಪವೆಲ್ಲ ಒಂದೇ ಏಟಿಗೆ ಬಿದ್ದುಹೋಗುತ್ತದೆ. ಆಮೇಲೆ ವಿಂಡೋಸ್‌ನಿಂದ ಪರೀಕ್ಷಾ ಪುಟ ಕಳಿಸಿ. ಅದೂ ಬಂದರೆ ಡ್ರೈವರ್, ಸ್ಪೂಲರ್, ಸಂಪರ್ಕ ಮೂರೂ ಕೆಲಸ ಮಾಡುತ್ತಿವೆ ಎಂದಾಯಿತು. ಉಳಿದದ್ದು ಆ ಒಂದು ಫೈಲು, ಅದನ್ನು ತೆರೆದ ಪ್ರೋಗ್ರಾಂ. ಕನ್ನಡಿಗರಿಗೆ ಈ ಕೊನೆಯ ಮೆಟ್ಟಿಲು ಚಿರಪರಿಚಿತ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳ ಫೈಲಿನಲ್ಲಿ ಇರುವುದು ರೋಮನ್ ಅಕ್ಷರಗಳ ಸಂಕೇತ. ಕನ್ನಡದ ರೂಪ ಕೊಡುವುದು ಫಾಂಟು. ಫೈಲ್ ತೆರೆದ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅಥವಾ ಮುದ್ರಿಸುವಾಗ ಅದರ ಬದಲಿಗೆ ಬೇರೊಂದು ಫಾಂಟ್ ಬಂದು ಕೂತರೆ, ಕನ್ನಡದ ಅರ್ಜಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗುತ್ತದೆ. ಪ್ರಿಂಟರನ್ನು ಎಷ್ಟು ಬದಲಿಸಿದರೂ ಇದು ಹೋಗದು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದನ್ನು ಒಳಗೇ ಸೇರಿಸಿದ ಪಿಡಿಎಫ್ ಮಾಡಿಕೊಳ್ಳುವುದು, ಇಲ್ಲವೇ ಪರದೆಯಲ್ಲಿ ಸರಿಯಾಗಿ ಕಾಣುವ ಪುಟವನ್ನು ಚಿತ್ರವಾಗಿ ಮುದ್ರಿಸುವ ಆಯ್ಕೆ ಒತ್ತುವುದು ಇದಕ್ಕೆ ಮದ್ದು. ಅಂಚು ಕತ್ತರಿಸಿ ಹೋದರೆ, ಕಾಗದ ತುಂಬಿದ್ದರೂ ಪ್ರಿಂಟರ್ ಕಾಗದ ಕೇಳಿದರೆ, ಅಳತೆ ನೋಡಿ. ಅಮೆರಿಕದ ಲೆಟರ್ ಹಾಳೆ 216 × 279 ಮಿಲಿಮೀಟರ್, ನಮ್ಮ ಎ4 210 × 297. ಫೈಲ್, ಡ್ರೈವರ್, ಟ್ರೇ ಮೂರೂ ಒಂದೇ ಅಳತೆ ಹೇಳಬೇಕು.

ವಿಂಡೋಸ್‌ನ ಪರೀಕ್ಷಾ ಪುಟವೇ ಬರದಿದ್ದರೆ ಸರದಿ, ಸಂಪರ್ಕಗಳ ಕಡೆ ತಿರುಗಬೇಕು. ಸರದಿಯಲ್ಲಿ ಮೊದಲ ಕೆಲಸ ಸಿಕ್ಕಿಹಾಕಿಕೊಂಡರೆ ಹಿಂದಿನವೆಲ್ಲ ನಿಲ್ಲುತ್ತವೆ. ಅವು ಇರುವುದು ಕಂಪ್ಯೂಟರಿನ ಡಿಸ್ಕಿನಲ್ಲಿ. ಪ್ರಿಂಟರಿನ ಸ್ವಿಚ್ ಆರಿಸಿದರೆ ಅಳಿಯುವುದಿಲ್ಲ, ಮತ್ತೆ ಪ್ರಿಂಟ್ ಕೊಟ್ಟರೆ ಸಾಲು ಬೆಳೆಯುತ್ತದೆ ಅಷ್ಟೆ. ಸರ್ವಿಸಸ್ ಪಟ್ಟಿಯಲ್ಲಿ ಪ್ರಿಂಟ್ ಸ್ಪೂಲರ್ ನಿಲ್ಲಿಸಿ, ಸಿಸ್ಟಂ32ರ ಒಳಗಿನ ಸ್ಪೂಲ್ ಫೋಲ್ಡರಿನ ಪ್ರಿಂಟರ್ಸ್ ಎಂಬಲ್ಲಿರುವ ಫೈಲುಗಳನ್ನು ಅಳಿಸಿ, ಸ್ಪೂಲರ್ ಮತ್ತೆ ಶುರು ಮಾಡಿದರೆ ಸರದಿ ಬರಿದಾಗುತ್ತದೆ. ಇನ್ನು ‘ಆಫ್‌ಲೈನ್’. ಪ್ರಿಂಟರಿನ ದೀಪ ಉರಿಯುತ್ತಿದ್ದರೂ ಈ ಪದ ಕಾಣುವುದೇಕೆ? ಕಂಪ್ಯೂಟರ್ ಕೇಳಿದ ವಿಳಾಸದಿಂದ ಉತ್ತರ ಬರಲಿಲ್ಲ ಎಂಬುದಷ್ಟೇ ಅದರ ಅರ್ಥ. ಮನೆಯ ರೂಟರ್ ಪ್ರತಿ ಉಪಕರಣಕ್ಕೂ ವಿಳಾಸವನ್ನು ಎರವಲಾಗಿ ಕೊಡುತ್ತದೆ. ಕರೆಂಟ್ ಹೋಗಿ ಬಂದಾಗ 192.168.1.5ರಲ್ಲಿದ್ದ ಪ್ರಿಂಟರ್ 192.168.1.8ಕ್ಕೆ ಹೋಗಿರಬಹುದು, ಕಂಪ್ಯೂಟರ್ ಹಳೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ಇದಲ್ಲದೆ, ಕೊನೆಗೆ ಬಳಸಿದ ಪ್ರಿಂಟರನ್ನೇ ಡೀಫಾಲ್ಟ್ ಮಾಡಿಕೊಳ್ಳುವ ಏರ್ಪಾಡು 2015ರಿಂದ ವಿಂಡೋಸ್ 10ರಲ್ಲಿದೆ. ಒಮ್ಮೆ ಪಿಡಿಎಫ್ ಆಯ್ಕೆಗೆ ಪ್ರಿಂಟ್ ಕೊಟ್ಟಿದ್ದರೆ ಮುಂದಿನ ಪುಟವೂ ಕಾಗದದ ಬದಲು ಅತ್ತಲೇ ಹೋಗಬಹುದು.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದೇಕೆ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿದರೆ ಸರಿಹೋಗುತ್ತದಲ್ಲ ಎಂದು ಕೇಳಬಹುದು. ಹೌದು, ಹಲವು ಸಲ ಸರಿಹೋಗುತ್ತದೆ. ಆ ಕೆಲಸ ಡ್ರೈವರ್, ಸರದಿ, ವಿಳಾಸ ಮೂರನ್ನೂ ಒಟ್ಟಿಗೆ ಹೊಸದಾಗಿಸುತ್ತದೆ. ಆದರೆ ಕಾರಣ ವಿಳಾಸವಾಗಿದ್ದರೆ ಮುಂದಿನ ಸಲ ಕರೆಂಟ್ ಹೋದಾಗ ತೊಂದರೆ ಮತ್ತೆ ಹಾಜರ್. ರೂಟರಿನಲ್ಲಿ ಪ್ರಿಂಟರಿಗೆ ಒಂದು ವಿಳಾಸವನ್ನು ಕಾಯ್ದಿರಿಸಿದರೆ ಅದು ಬೇರುಸಹಿತ ಹೋಗುತ್ತದೆ. ಇದು ಬಳಕೆದಾರರ ಹೊಣೆಯೇ ಅಲ್ಲ, ತಯಾರಕರದು ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಹುರುಳಿದೆ, ಇತಿಹಾಸವೂ ಇದೆ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಹಿಂದಿನ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಬಳಸುವವರಿಗೆ ಸುದ್ದಿ ಹೋಗುವಂತೆ ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ ತಂತ್ರಾಂಶ ತಿದ್ದಿದ್ದರು. ಹೊಸದರ ಮೂಲ ಸಂಕೇತ ಸಿಗದೆ ಅದು ಆಗಲಿಲ್ಲ. 1983ರಲ್ಲಿ ಅವರು ಘೋಷಿಸಿದ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಗೆ ಆ ಅಸಮಾಧಾನವೂ ಒಂದು ಪ್ರೇರಣೆ. ಇಂದು ತಯಾರಕರೂ ಬದಲಾಗುತ್ತಿದ್ದಾರೆ. ಪ್ರತ್ಯೇಕ ಡ್ರೈವರ್ ಬೇಡದ ಏರ್‌ಪ್ರಿಂಟ್ ಎಂಬ ಮುದ್ರಣ ವ್ಯವಸ್ಥೆ 2010ರಲ್ಲಿ ಬಂತು. ಬೇರೆ ಕಂಪನಿಗಳ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತಹಂತವಾಗಿ ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಹೇಳಿತು. ಡ್ರೈವರಿನ ಕಾಟ ಇದರಿಂದ ತಗ್ಗೀತು. ಆದರೆ ವಿಳಾಸ, ಸರದಿ, ಹಾಳೆಯ ಅಳತೆ ಎಲ್ಲಿಗೂ ಹೋಗುವುದಿಲ್ಲ.

ಆದ್ದರಿಂದ ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಫಲ ನೋಡಿ, ಫಲವಿಲ್ಲದಿದ್ದರೆ ಮೊದಲಿದ್ದಂತೆ ಮಾಡಿ ಮುಂದಿನದಕ್ಕೆ ಹೋಗಿ. ಪ್ರಿಂಟರಿನ ಸ್ವಂತ ಪರೀಕ್ಷಾ ಪುಟವೇ ಪಟ್ಟೆಪಟ್ಟೆಯಾಗಿ ಬಂದರೆ ಸೆಟ್ಟಿಂಗ್ ತಡಕುವುದನ್ನು ಅಲ್ಲಿಗೇ ಬಿಟ್ಟು ಹೆಡ್ ಶುಚಿಗೊಳಿಸಿ, ಆಗದಿದ್ದರೆ ರಿಪೇರಿಯವರನ್ನು ಕರೆಯಿರಿ. ಅದು ಸ್ವಚ್ಛವಾಗಿ ಬಂದರೆ ಹೊಸ ಕಾರ್ಟ್ರಿಜ್‌ಗೆ ದುಡ್ಡು ಸುರಿಯಬೇಡಿ. ನೀವು ಹುಡುಕಬೇಕಾದದ್ದು ಕಂಪ್ಯೂಟರಿನ ಕಡೆಗಿದೆ.